ಜಮಾ, ಬಾಕಿ ಮತ್ತು ಒಂದು ಜಾಡಿ ಮಿಡಿ ಉಪ್ಪಿನಕಾಯಿ

ಪ್ರತಿ ವರ್ಷ ಜೂನ್ ಮೊದಲ ವಾರ ನಮ್ಮಪ್ಪ ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬರುತ್ತಿದ್ದರು. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ, ಅಷ್ಟೇ. ಶಾಲೆ ಶುರುವಾಗುವ ಹೊತ್ತಿಗೆ ಕೈಯಲ್ಲಿ ದುಡ್ಡು ಇರುತ್ತಿರಲಿಲ್ಲ. ಅಡಿಕೆ ಇನ್ನೂ ಮರದ ಮೇಲಿನ ಎಳೆಕಾಯಿ. ಆದರೂ ಅಡಿಕೆ ಕೊಳ್ಳುವ ಸಾಹುಕಾರರ ಮಂಡಿಗೆ ಹೋದರೆ ಮುಂಗಡ ಸಿಗುತ್ತಿತ್ತು. ನಗಬೇಡಿ, ಇಲ್ಲಿ ಕೂತಿರುವ ಅರ್ಧ ಜನರ ಮನೆ ಕಥೆಯೂ ಇದೇ ಅಂತ ನನಗೆ ಗೊತ್ತು.

ಒಂದು ಸಲ ನಾನೂ ಜೊತೆಗೆ ಬಂದಿದ್ದೆ. ಆರನೇ ಕ್ಲಾಸಿರಬೇಕು. ಗುಮಾಸ್ತರು ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, ಅಪ್ಪನ ಹೆಸರಿನ ಪುಟ ಹುಡುಕಿದರು. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು. ಆ ವಯಸ್ಸಿನಲ್ಲಿ ನನಗೆ ಹೊಳೆದದ್ದು ಒಂದೇ. ಅಪ್ಪನ ಜೇಬಿನಲ್ಲಿ ಎಷ್ಟಿದೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ, ಈ ಪುಟದಲ್ಲಿ ಏನು ಬರೆದಿದೆ ಅಂತಷ್ಟೇ ನೋಡುತ್ತಾರೆ.

ನಂಬಿಕೆ, ಕೃಪೆ, ವಿಧೇಯತೆ ಬಗ್ಗೆ ಮಾತಾಡಿ ಅಂತ ಕರೆದು ಇವರೇನು ಮಂಡಿ ಕಥೆ ಶುರು ಮಾಡಿದರು ಅಂದುಕೊಳ್ಳಬೇಡಿ. ಯೇಸುಸ್ವಾಮಿಯ ಅಪೊಸ್ತಲ ಪೌಲ ರೋಮಿನ ಕ್ರೈಸ್ತ ಸಭೆಗೆ ಬರೆದ, ಬೈಬಲ್ಲಿನಲ್ಲಿರುವ ಪತ್ರದ ನಾಲ್ಕನೇ ಅಧ್ಯಾಯದಲ್ಲಿ ಒಂದು ಗ್ರೀಕ್ ಪದ 11 ಸಲ ಬರುತ್ತದೆ. ಲೊಗಿಜೊಮಾಯ್. ಲೆಕ್ಕಕ್ಕೆ ಹಿಡಿ, ಜಮಾ ಮಾಡು ಅಂತ ಅರ್ಥ. ಲೆಕ್ಕ ಬರೆಯುವವರು ಬಳಸುತ್ತಿದ್ದ ಮಾತು. ಕನ್ನಡ ಬೈಬಲ್ಲಿನಲ್ಲಿ ಅದು 'ಎಣಿಸು' ಅಂತ ಬಂದಿದೆ. ಯೆಹೂದ್ಯರ ಮೂಲಪುರುಷ ಅಬ್ರಹಾಮ ದೇವರನ್ನು ನಂಬಿದ, ದೇವರು ಅದನ್ನೇ ನೀತಿ ಅಂತ ಅವನ ಲೆಕ್ಕಕ್ಕೆ ಎಣಿಸಿದರು. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯದ ಮಾತು ಇದು. ಪೌಲನ ಇಡೀ ವಾದ ನಿಂತಿರುವುದು ಈ ಒಂದು ಜಮಾದ ಮೇಲೆ.

ಮೊದಲು 'ನೀತಿ' ಅನ್ನುವ ಪದದ ಒಂದು ತೊಂದರೆ ಹೇಳಿಬಿಡುತ್ತೇನೆ. ನಮಗೆ ನೀತಿ ಅಂದರೆ ನೀತಿಕಥೆ, ನೀತಿಪಾಠ. ನಾನು 34 ವರ್ಷ ಮೇಷ್ಟ್ರಾಗಿದ್ದವನು. 'ನೀತಿವಂತ' ಅಂದ ಕೂಡಲೇ ನನ್ನ ಕಣ್ಣಿಗೆ ಮೊದಲ ಬೆಂಚಿನಲ್ಲಿ ತಲೆ ಬಾಚಿ ಕೂತ ಹುಡುಗ ಬರುತ್ತಾನೆ. ಹೋಮ್‌ವರ್ಕ್ ತಪ್ಪಿಸದವನು, ಪಕ್ಕದವನ ಮೇಲೆ ದೂರು ಹೇಳುವವನು. ಬೈಬಲ್ಲಿನ ಪದ ಅದಲ್ಲ. ಹೀಬ್ರೂ ಭಾಷೆಯ 'ತ್ಸೆದಾಕಾ' ಸಂಬಂಧಕ್ಕೆ ಸೇರಿದ ಪದ. ಒಬ್ಬರಿಗೊಬ್ಬರು ಕೊಟ್ಟ ಮಾತಿನಲ್ಲಿ ಸರಿಯಾಗಿ ನಿಂತಿರುವುದು ಅಂತ. ನ್ಯಾಯಾಲಯದಲ್ಲಿ ಒಬ್ಬನನ್ನು ನಿರ್ದೋಷಿ ಅಂತ ತೀರ್ಮಾನಿಸುವಾಗಲೂ ಅದೇ ಮಾತಿನ ಬೇರಿನಿಂದ ಬಂದ ಪದ ಬಳಸುತ್ತಾರೆ. ಈಚಿನ ಸರಳ ಕನ್ನಡ ಅನುವಾದದಲ್ಲಿ ಇದನ್ನು 'ಸತ್ಸಂಬಂಧ' ಅಂತ ಮಾಡಿದ್ದಾರೆ. ಕಥೋಲಿಕ ಮನೆಗಳಲ್ಲಿ ಓದುವವರಿಗೆ ಅದು ಪರಿಚಯ. ಕಿವಿಗೆ ಸ್ವಲ್ಪ ಒರಟು ಪದ, ನನಗೇನೂ ಪ್ರೀತಿ ಇಲ್ಲ. ಆದರೆ ಆ ಮೊದಲ ಬೆಂಚಿನ ಹುಡುಗನನ್ನು ತಲೆಯಿಂದ ಓಡಿಸಲು ಒಳ್ಳೆಯದು.

ಸರಿ, ಅಬ್ರಹಾಮನ ಖಾತೆಗೆ ಬರೋಣ. ಜಮಾ ಆದದ್ದು ಯಾವಾಗ? ಪೌಲ ಲಾಯರ್ ಥರ ಈ ಒಂದು ಪ್ರಶ್ನೆ ಹಿಡಿದು ಕೂರುತ್ತಾನೆ. ದೇವರ ಜನ ಅನ್ನುವ ಗುರುತಾದ ಸುನ್ನತಿ ಆದ ಮೇಲೋ, ಅದಕ್ಕೆ ಮುಂಚೆಯೋ? ನೀವೇ ವಯಸ್ಸು ಲೆಕ್ಕ ಹಾಕಿ. ಖಾರಾನ್ ಊರು ಬಿಟ್ಟು ಹೊರಟಾಗ ಅಬ್ರಹಾಮನಿಗೆ 75. ಆಕಾಶದ ನಕ್ಷತ್ರ ತೋರಿಸಿ ದೇವರು ಮಾತು ಕೊಟ್ಟದ್ದು, ಇವನು ನಂಬಿದ್ದು, ಜಮಾ ಆದದ್ದು ಆಮೇಲೆ. ಮೊದಲ ಮಗ ಇಷ್ಮಾಯೇಲ ಹುಟ್ಟಿದಾಗ 86. ಸುನ್ನತಿ ಆದಾಗ 99. ಅಂದರೆ ಜಮಾ ಆಗಿ ಹದಿಮೂರು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಗುರುತು ಬಿತ್ತು. ಮೋಶೆಯ ಧರ್ಮಶಾಸ್ತ್ರವಂತೂ ಇನ್ನೂ ಎಷ್ಟೋ ತಲೆಮಾರಿನ ಆಚೆಗಿತ್ತು. ಹಾಗಾಗಿ ಅಬ್ರಹಾಮ ಏನೋ ಮಾಡಿ ಸಂಪಾದಿಸಿದ ಅನ್ನೋಕೆ ಆಗುವುದಿಲ್ಲ. ದುಡಿದವನಿಗೆ ಕೊಡುವುದು ಕೂಲಿ, ಅದು ಕೊಡಲೇಬೇಕಾದ ಬಾಕಿ. ಅದನ್ನು ಯಾರೂ ಕೃಪೆ ಅನ್ನುವುದಿಲ್ಲ ಅಂತ ಪೌಲ ಅಲ್ಲೇ ಹೇಳುತ್ತಾನೆ. ಕೊನೆ ಕೊಯ್ದವನಿಗೆ ಸಂಜೆ ಕೂಲಿ ಕೊಟ್ಟು 'ಹೋಗಪ್ಪಾ, ನಿನ್ನ ಮೇಲೆ ಕೃಪೆ ತೋರಿಸಿದೆ' ಅಂದು ನೋಡಿ, ಮಾರನೇ ದಿನ ನಿಮ್ಮ ತೋಟಕ್ಕೆ ಯಾರು ಬರುತ್ತಾರೆ!

ಇಲ್ಲಿಯವರೆಗೆ ಎಲ್ಲರೂ ತಲೆ ಆಡಿಸುತ್ತೀರಿ. ಕಷ್ಟ ಇರುವುದು ಮುಂದೆ. ಅದಕ್ಕೆ ಮತ್ತೆ ಮಂಡಿಗೇ ಹೋಗಬೇಕು.

ಒಂದು ವರ್ಷ ಮಳೆ ಬಿಡಲೇ ಇಲ್ಲ. ಮೈಲುತುತ್ತ, ಸುಣ್ಣ ಕಲಸಿ ಇಟ್ಟುಕೊಂಡು ಔಷಧಿ ಹೊಡೆಯಲು ಬಿಸಿಲಿಗೆ ಕಾದರು, ಬಿಸಿಲು ಬರಲಿಲ್ಲ. ಕೊಳೆರೋಗ ಬಂತು. ಬೆಳಿಗ್ಗೆ ತೋಟಕ್ಕೆ ಹೋದರೆ ಮರದ ಬುಡದ ತುಂಬ ಉದುರಿದ ಕಾಯಿ. ಮೇಲೆ ಬಿಳಿ ಬೂಷ್ಟು, ಕಾಲಿಟ್ಟರೆ ಜಾರುತ್ತಿತ್ತು. ಆ ವರ್ಷ ಮಂಡಿಗೆ ಹೋದದ್ದು ಎರಡೇ ಚೀಲ. ಮುಂಗಡದ ಕಾಲು ಭಾಗವೂ ತೀರಲಿಲ್ಲ. ಅಪ್ಪ ತಲೆ ತಗ್ಗಿಸಿ ಹೋಗಿ, ಬಾಕಿಯನ್ನು ಮುಂದಿನ ವರ್ಷಕ್ಕೆ ಎಳೆದುಕೊಳ್ಳಿ ಅಂತ ಕೇಳಿದರು. ಸಾಹುಕಾರರು ಪುಸ್ತಕ ತರಿಸಿ, ಬಾಕಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ವಜಾ' ಅಂತ ತಾವೇ ಬರೆದರು. ಆಮೇಲೆ ಹೊಸ ಪುಟ ತೆಗೆಸಿ ಮುಂದಿನ ವರ್ಷದ ಮುಂಗಡವನ್ನೂ ಕೊಟ್ಟರು. ಅವರಿಗೆ ವ್ಯಾಪಾರದ ಬುದ್ಧಿಯೂ ಇದ್ದಿರಬಹುದು, ಒಳ್ಳೆ ಬೆಳೆಗಾರ ಕೈತಪ್ಪಬಾರದು ಅಂತ. ಇರಲಿ. ಉದಾಹರಣೆಯನ್ನು ಎಷ್ಟು ಎಳೆಯಬಹುದೋ ಅಷ್ಟೇ ಎಳೆಯಬೇಕು. ಆದರೆ ಒಂದು ಗಮನಿಸಿ. ವಜಾ ಆದ ದುಡ್ಡು ಗಾಳಿಯಲ್ಲಿ ಆವಿಯಾಗಲಿಲ್ಲ. ಸಾಹುಕಾರರ ಗಂಟಿನಿಂದ ಹೋಯಿತು. ಪುಕ್ಕಟೆ ಸಿಕ್ಕಿದ್ದು ನಮಗೆ, ಕೊಟ್ಟವರಿಗಲ್ಲ. ಕ್ರೈಸ್ತರು ಕೃಪೆಯ ಮಾತೆತ್ತಿದಾಗಲೆಲ್ಲ ಯೇಸುಸ್ವಾಮಿ ಪ್ರಾಣ ಕೊಟ್ಟ ಶಿಲುಬೆಯ ಕಡೆ ಕೈ ತೋರಿಸುವುದು ಇದಕ್ಕೇ.

ಅಪ್ಪ ಮನೆಗೆ ಬಂದು ವಿಷಯ ಹೇಳಿದಾಗ ಅಮ್ಮ ಖುಷಿ ಪಡಲಿಲ್ಲ. ಮುಖ ಗಂಟು ಹಾಕಿದರು. "ಅವರ ಹಂಗು ನಮಗೆ ಯಾಕೆ?" ಅಂದರು.

'ಹಂಗು' ಅನ್ನುವ ಮಾತಿಗೆ ಬೇರೆ ಭಾಷೆಯಲ್ಲಿ ಸರಿಸಾಟಿ ಪದ ಇದೆಯೋ ಇಲ್ಲವೋ, ನಮ್ಮ ಕಡೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಗಂಜಿ ಕುಡಿದರೂ ಸರಿ, ಹಂಗಿನಲ್ಲಿ ಇರಬಾರದು ಅನ್ನುವ ಜನ ನಾವು. ಪಕ್ಕದ ಮನೆಯಿಂದ ಬಾಳೆಗೊನೆ ಬಂದರೆ ಆ ಪಾತ್ರೆ ಖಾಲಿ ವಾಪಸ್ ಹೋಗಬಾರದು. ಅಲ್ವಾ? ಹಾಗಾಗಿ ಮಲೆನಾಡಿನಲ್ಲಿ ಕೃಪೆಯ ಬಗ್ಗೆ ಮಾತಾಡುವವನಿಗೆ ನಿಜವಾದ ತಡೆ ಬರುವುದು 'ನಾನು ಪಾಪಿಯಲ್ಲ' ಅನ್ನುವವರಿಂದ ಅಲ್ಲ. 'ಯಾರ ಹಂಗೂ ಬೇಡ, ದೇವರದ್ದೂ ಬೇಡ' ಅನ್ನುವವರಿಂದ. ಇವರು ಬಹಳ ಮರ್ಯಾದಸ್ಥರು. ಹರಕೆ ಕಟ್ಟಿಕೊಳ್ಳುತ್ತಾರೆ, ತೀರಿಸುತ್ತಾರೆ, ಲೆಕ್ಕ ಚುಕ್ತಾ ಮಾಡುತ್ತಾರೆ. ಚರ್ಚಿಗೆ ಬರುವ ನಮ್ಮಲ್ಲೂ ಇಂಥವರೇ ಜಾಸ್ತಿ.

ಆ ಬೇಸಿಗೆ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದರು. ಹೊಳೆದಂಡೆಯ ಮರದ ಮಿಡಿ, ತೊಟ್ಟು ಮುರಿದರೆ ಸೊನೆಯ ಘಮ ಮನೆಯೆಲ್ಲ ಹಬ್ಬುವಂಥದ್ದು. ಕಲ್ಲುಪ್ಪಿನಲ್ಲಿ ಪದರ ಪದರವಾಗಿ ಇಟ್ಟು, ಮಿಡಿ ಸುಕ್ಕುಗಟ್ಟುವವರೆಗೆ ಕಾದು, ಆಮೇಲೆ ಸಾಸಿವೆ, ಮೆಣಸಿನ ಖಾರ ಬೀಸಿ ಬೆರೆಸಿದರು. ಮನೆಯ ದೊಡ್ಡ ಜಾಡಿಯ ತುಂಬ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಪ್ಪನ ಕೈಗೆ ಕೊಟ್ಟರು. "ಸಾಹುಕಾರರ ಮನೆಗೆ ಕೊಟ್ಟು ಬನ್ನಿ. ಹಂಗು ಕಳೀಲಿ." ಅಪ್ಪನಿಗೆ ಸಿಟ್ಟು ಬಂತು. ಒಂದು ಜಾಡಿ ಉಪ್ಪಿನಕಾಯಿಗೆ ಆ ಬಾಕಿ ಎಲ್ಲಿ ಸಮ ಆಗಬೇಕು? ಕೊಟ್ಟವರಿಗೆ ಅವಮಾನ ಮಾಡಿದ ಹಾಗೆ ಅಂದರು. ಆದರೂ ತಗೊಂಡು ಹೋದರು.

ಈ ಹಂಗಿನ ಕಣ್ಣಿಂದ ಒಂದು ಸಲ ತಪ್ಪಿಹೋದ ಮಗನ ಕಥೆ ಓದಿ. ಲೂಕನ ಸುವಾರ್ತೆಯ 15ನೇ ಅಧ್ಯಾಯ. ಆಸ್ತಿ ಹಾಳು ಮಾಡಿ, ಹಂದಿ ಮೇಯಿಸುತ್ತಾ ಕೂತ ಕಿರಿಮಗ ವಾಪಸ್ ಹೋಗುವ ಮುಂಚೆ ಒಂದು ಭಾಷಣ ಬಾಯಿಪಾಠ ಮಾಡಿಕೊಳ್ಳುತ್ತಾನೆ. ಮೂರು ಭಾಗದ ಭಾಷಣ. ಅಪ್ಪಾ, ಪಾಪ ಮಾಡಿದ್ದೇನೆ. ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ. ನನ್ನನ್ನು ನಿನ್ನ ಕೂಲಿಯಾಳಿನ ಹಾಗೆ ಇಟ್ಟುಕೋ. ನಾನು ಚಿಕ್ಕಂದಿನಿಂದ ಇದನ್ನು ಅವನ ದೈನ್ಯ ಅಂದುಕೊಂಡಿದ್ದೆ. ಈಗ ಓದಿದರೆ ಅಮ್ಮನ ಮಾತು ಕೇಳಿಸುತ್ತದೆ. ಕೂಲಿಯಾಳಿಗೆ ಹಂಗಿಲ್ಲ. ದುಡಿದ, ತಗೊಂಡ, ಮುಗಿಯಿತು. ಅಪ್ಪನ ಪ್ರೀತಿ ಪುಕ್ಕಟೆ ತಿನ್ನುವುದಕ್ಕಿಂತ ಕೂಲಿ ಮಾಡಿ ತಿನ್ನುವುದು ಅವನಿಗೆ ಹಗುರ.

ಈಗ ಮನೆ ಹತ್ತಿರ ಏನಾಗುತ್ತದೆ ನೋಡಿ. ಅಪ್ಪ ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗ ಭಾಷಣ ಶುರು ಮಾಡುತ್ತಾನೆ. ಮೊದಲ ಭಾಗ ಹೇಳಿದ, ಎರಡನೆಯದೂ ಹೇಳಿದ. ಮೂರನೆಯದು? ಇಲ್ಲ. 19ನೇ ವಚನದಲ್ಲಿ ಇರುವ ಕೂಲಿಯಾಳಿನ ಮಾತು 21ನೇ ವಚನದಲ್ಲಿ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ ಬಟ್ಟೆ ತನ್ನಿ, ಉಂಗುರ ತನ್ನಿ, ಚಪ್ಪಲಿ ತನ್ನಿ ಅಂತ ಗದ್ದಲ ಎಬ್ಬಿಸಿಬಿಟ್ಟಿದ್ದಾನೆ. ಕೂಲಿಯ ಕರಾರು ಮಾತಾಡಲು ಅವನಿಗೆ ಬಿಡುವೇ ಸಿಗಲಿಲ್ಲ.

ದೊಡ್ಡ ಮಗ? ಅವನು ಹೊಲದಿಂದ ಬಂದು ಹೊರಗೇ ನಿಂತ. ಅವನ ಬಾಯಿಂದ ಬರುವ ಮೊದಲ ಮಾತೇ ಲೆಕ್ಕ. ಇಷ್ಟು ವರ್ಷ ಗುಲಾಮನ ಹಾಗೆ ದುಡಿದೆ, ನಿನ್ನ ಒಂದು ಆಜ್ಞೆಯನ್ನೂ ಮೀರಲಿಲ್ಲ, ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ? ವಿಧೇಯತೆಯಲ್ಲಿ ಅವನಿಗೆ ನೂರಕ್ಕೆ ನೂರು ಅಂಕ. ಮೊದಲ ಬೆಂಚಿನ ಹುಡುಗ! ಆದರೆ ಅವನ ಬಾಯಲ್ಲೂ ಕೂಲಿಯ ಮಾತೇ. ಒಬ್ಬ ಕೂಲಿಗೆ ಅರ್ಜಿ ಹಾಕಲು ಬಂದ, ಇನ್ನೊಬ್ಬ ಬಾಕಿ ಕೂಲಿ ಕೇಳುತ್ತಿದ್ದಾನೆ. ಆ ಮನೆಯಲ್ಲಿ ಮಕ್ಕಳೇ ಇಲ್ಲ, ಬರೀ ಆಳುಗಳು. ಅಪ್ಪ ಒಬ್ಬನೇ ಅಪ್ಪ.

ಹಾಗಾದರೆ ಏನು ಬೇಕಾದರೂ ಮಾಡಬಹುದಾ ಅಂತ ನೀವು ಕೇಳುತ್ತೀರಿ. ಒಳ್ಳೆ ಪ್ರಶ್ನೆ. ಪೌಲ ಆರನೇ ಅಧ್ಯಾಯದಲ್ಲಿ ಅದನ್ನು ತಾನೇ ಎತ್ತಿಕೊಂಡು, ಹಾಗೆ ಕೇಳುವವರ ಮೇಲೆ ಸ್ವಲ್ಪ ರೇಗುತ್ತಾನೆ. ಕೃಪೆಯ ಬಗ್ಗೆ ಮಾತಾಡಿದ ಮೇಲೆ ಈ ಪ್ರಶ್ನೆ ಯಾರಿಗೂ ಬರದೇ ಇದ್ದರೆ, ಮಾತಾಡಿದವನು ಕೃಪೆಯನ್ನು ಸರಿಯಾಗಿ ಹೇಳಿಲ್ಲ ಅಂತಲೇ ನನ್ನ ಲೆಕ್ಕ.

ಉತ್ತರಕ್ಕೆ ನಮ್ಮ ಕನ್ನಡವೇ ದಾರಿ ತೋರಿಸುತ್ತದೆ. 'ವಿಧೇಯತೆ' ಅನ್ನುವುದು ಸರ್ಕಾರಿ ಕಾಗದದ ಪದ. ಅರ್ಜಿಯ ಕೊನೆಗೆ 'ತಮ್ಮ ವಿಧೇಯ' ಅಂತ ಬರೆದು ಸಹಿ ಹಾಕುತ್ತೀವಲ್ಲ, ಅದು. ಮನೆಯಲ್ಲಿ ಯಾವ ತಾಯಿಯಾದರೂ 'ನನ್ನ ಮಗ ವಿಧೇಯ' ಅಂತಾಳಾ? 'ಮಾತು ಕೇಳ್ತಾನೆ' ಅಂತಾಳೆ. ಕೇಳುವುದು ಅಂದರೆ ಕಿವಿಯಿಂದ ಕೇಳುವುದೂ ಹೌದು, ಹೇಳಿದಂತೆ ನಡೆಯುವುದೂ ಹೌದು. ವಿಚಿತ್ರ ಅಂದರೆ ಹೀಬ್ರೂವಿನ 'ಶಮಾ' ಕೂಡ ಹೀಗೆಯೇ, ಎರಡಕ್ಕೂ ಒಂದೇ ಪದ. ಗ್ರೀಕಿನಲ್ಲಿ ವಿಧೇಯತೆಗೆ 'ಹುಪಕೊಎ' ಅನ್ನುತ್ತಾರೆ, ಅದರ ಒಳಗೂ ಕೇಳುವ ಕ್ರಿಯಾಪದವೇ ಇದೆ. ಅದೇ ಪೌಲ ನಂಬಿಕೆ ಹುಟ್ಟುವುದೂ ಕೇಳುವುದರಿಂದ ಅನ್ನುತ್ತಾನೆ. ರೋಮಿನ ಪತ್ರದ ಶುರುವಿನಲ್ಲೂ ಕೊನೆಯಲ್ಲೂ 'ನಂಬಿಕೆಯ ವಿಧೇಯತೆ' ಅನ್ನುವ ಜೋಡಿ ಮಾತು ಬಳಸುತ್ತಾನೆ. ದೇವಶಾಸ್ತ್ರದ ಪಂಡಿತರು ಅದರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ. ನಮಗೆ ಅಷ್ಟು ಕಷ್ಟ ಬೇಡ. ಯಾರ ಮಾತನ್ನು ನಂಬುತ್ತೇವೋ ಅವರ ಮಾತು ಕೇಳುತ್ತೇವೆ. ಎರಡೂ ಒಂದೇ ಕಿವಿಯ ಕೆಲಸ. ಇನ್ನೊಂದು ಜೋಡಿಯೂ ಇದೆ. ಗ್ರೀಕಿನ 'ಪಿಸ್ತಿಸ್' ಪದಕ್ಕೆ ನಂಬುವುದು, ನಂಬಿಗಸ್ತನಾಗಿರುವುದು ಎರಡೂ ಅರ್ಥ ಇದೆ. ಕನ್ನಡದಲ್ಲೂ ಎರಡಕ್ಕೂ ಬೇರು ಒಂದೇ.

ಇನ್ನು ಕ್ರಮದ ವಿಷಯ. ಹತ್ತು ಆಜ್ಞೆಗಳನ್ನು ದೇವರು ಎಲ್ಲಿ ಕೊಟ್ಟರು? ಈಜಿಪ್ಟಿನಲ್ಲಿ ಅಲ್ಲ. ಇಟ್ಟಿಗೆ ಹೊರುತ್ತಿದ್ದ ಗುಲಾಮರ ಮುಂದೆ ಕಲ್ಲಿನ ಹಲಗೆ ಹಿಡಿದು, ಇವನ್ನು ಪಾಲಿಸಿದರೆ ಬಿಡಿಸುತ್ತೇನೆ ಅನ್ನಲಿಲ್ಲ. ಮೊದಲು ಬಿಡಿಸಿದರು, ಸಮುದ್ರ ದಾಟಿಸಿದರು, ಆಮೇಲೆ ಸೀನಾಯಿ ಬೆಟ್ಟದ ಹತ್ತಿರ ಆಜ್ಞೆ ಕೊಟ್ಟರು. ಮೊದಲ ಆಜ್ಞೆಗೂ ಮುಂಚೆ ಇರುವ ವಾಕ್ಯ, ನಿಮ್ಮನ್ನು ದಾಸತ್ವದಿಂದ ಬಿಡಿಸಿದ ದೇವರು ನಾನೇ ಅನ್ನುವುದು. ಜಕ್ಕಾಯನ ವಿಷಯದಲ್ಲೂ ಇದೇ ಕ್ರಮ. ಮರ ಹತ್ತಿ ಕೂತಿದ್ದ ಆ ಸುಂಕದವನ ಮನೆಗೆ ಯೇಸುಸ್ವಾಮಿ ತಾವಾಗಿಯೇ ಬರುತ್ತೇನೆ ಅಂದರು. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕರಷ್ಟು ವಾಪಸ್ ಅಂತ ಅವನು ಹೇಳಿದ್ದು ಆಮೇಲೆ.

ಈಗ ಯಾಕೋಬ. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಅವನ ಹೆಸರಿನದೂ ಒಂದು ಪತ್ರ ಇದೆ. ನಂಬಿಕೆಯೊಂದರಿಂದಲೇ ಅಲ್ಲ, ಕ್ರಿಯೆಗಳಿಂದಲೂ ಮನುಷ್ಯ ನೀತಿವಂತ ಅನ್ನಿಸಿಕೊಳ್ಳುತ್ತಾನೆ ಅಂತ ಅವನು ಖಡಾಖಂಡಿತ ಹೇಳುತ್ತಾನೆ. ಸಾಕ್ಷಿಗೆ ಕರೆಯುವುದು ಅದೇ ಅಬ್ರಹಾಮನನ್ನು! ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್‌ಗೆ ಇದು ನುಂಗಲಾರದ ತುತ್ತಾಯಿತು. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ರೋಮಿನ ಪತ್ರದ ಮೂರನೇ ಅಧ್ಯಾಯದಲ್ಲಿ ಗ್ರೀಕಿನಲ್ಲಿ ಇಲ್ಲದ 'ಮಾತ್ರ' ಅನ್ನುವ ಪದ ಸೇರಿಸಿದ. ನಂಬಿಕೆಯಿಂದ ಮಾತ್ರ. ಯಾಕೋಬನ ಪತ್ರವನ್ನು ಒಣಹುಲ್ಲಿನ ಪತ್ರ ಅಂದ. ತಮಾಷೆ ನೋಡಿ, 'ನಂಬಿಕೆಯಿಂದ ಮಾತ್ರ' ಅನ್ನುವ ಮಾತು ಹೊಸ ಒಡಂಬಡಿಕೆಯ ಮೂಲದಲ್ಲಿ ಇರುವುದು ಒಂದೇ ಕಡೆ. ಅದೂ ಯಾಕೋಬನಲ್ಲಿ, 'ಅಲ್ಲ' ಅನ್ನುವುದರ ಜೊತೆ.

ಜಗಳ ಜೋರಾಯಿತು. 1547ರಲ್ಲಿ ಟ್ರೆಂಟ್ ಮಹಾಸಭೆ ಕಥೋಲಿಕರ ಪರವಾಗಿ ಉತ್ತರ ಕೊಟ್ಟಿತು. ಸಭೆ ಒಡೆದು ಶತಮಾನಗಳು ಕಳೆದವು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಒಕ್ಕೂಟ ಮತ್ತು ಕಥೋಲಿಕ ಸಭೆ ಕೂತು ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾರೆ, ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಎಬ್ಬಿಸುತ್ತದೆ, ಇದು ಅದರ ತಿರುಳು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳೂ ಸೇರಿಕೊಂಡವು. ಎಲ್ಲ ಭಿನ್ನಾಭಿಪ್ರಾಯ ಮುಗಿಯಿತು ಅಂತಲ್ಲ. ಆದರೆ ಇವತ್ತು ಈ ಸಭಾಂಗಣದಲ್ಲಿ ಕಥೋಲಿಕರ ಪೂಜೆಗೆ ಹೋಗುವವರೂ ಪ್ರಾಟೆಸ್ಟೆಂಟರ ಆರಾಧನೆಗೆ ಹೋಗುವವರೂ ಒಂದೇ ಬೆಂಚಿನಲ್ಲಿ ಕೂತಿದ್ದೀರಲ್ಲ, ಅದರಲ್ಲಿ ಆ ಸಹಿಯ ಪಾಲೂ ಸ್ವಲ್ಪ ಇದೆ.

ಯಾಕೋಬನಿಗೂ ಪೌಲನಿಗೂ ನಿಜವಾಗಿ ಜಗಳ ಇದೆಯಾ? ಮತ್ತೆ ವಯಸ್ಸಿನ ಲೆಕ್ಕವನ್ನೇ ನೋಡಿ. ಪೌಲ ನಿಲ್ಲುವುದು ಆದಿಕಾಂಡ 15ರಲ್ಲಿ, ಜಮಾ ಆದ ದಿನ. ಯಾಕೋಬ ನಿಲ್ಲುವುದು 22ರಲ್ಲಿ, ದೇವರ ಮಾತು ಕೇಳಿ ಮಗ ಇಸಾಕನನ್ನೇ ಬಲಿ ಕೊಡಲು ಕರೆದುಕೊಂಡು ಬೆಟ್ಟ ಹತ್ತಿದ ದಿನ. ಇಸಾಕ ಹುಟ್ಟಿದಾಗಲೇ ಅಬ್ರಹಾಮನಿಗೆ 100. ಸೌದೆ ಹೊತ್ತು ಬೆಟ್ಟ ಹತ್ತುವಷ್ಟು ಮಗ ದೊಡ್ಡವನಾಗಿದ್ದಾನೆ. ಅಂದರೆ ಆ ಎರಡು ದಿನಗಳ ನಡುವೆ ಏನಿಲ್ಲವೆಂದರೂ ಇಪ್ಪತ್ತು ವರ್ಷದ ಅಂತರ. ಒಬ್ಬ ಸಸಿ ನೆಟ್ಟ ದಿನದ ಬಗ್ಗೆ ಮಾತಾಡುತ್ತಿದ್ದಾನೆ, ಇನ್ನೊಬ್ಬ ಕೊನೆ ಕೊಯ್ದ ದಿನದ ಬಗ್ಗೆ. ಇಪ್ಪತ್ತು ವರ್ಷ ಕಳೆದರೂ ಒಂದು ಹಿಂಗಾರ ಬಿಡದ ಮರ ತೋರಿಸಿ 'ಇದು ಜೀವಂತ ಇದೆ' ಅಂದರೆ ಯಾಕೋಬ ಒಪ್ಪುವುದಿಲ್ಲ. ನಾವ್ಯಾರಾದರೂ ಒಪ್ಪುತ್ತೇವಾ?

ಇಲ್ಲಿ ಒಂದು ಅಡ್ಡಮಾತು. ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಸಂಸ್ಕೃತ ಮೇಷ್ಟ್ರು ಒಬ್ಬರಿದ್ದರು, ಶ್ರೀವೈಷ್ಣವರು. ನನ್ನ ಈ ತಕರಾರೆಲ್ಲ ಕೇಳಿ, ಇದು ನಮ್ಮಲ್ಲೂ ಇದೆ ಮಾರಾಯ್ರೇ ಅಂದರು. ಶ್ರೀವೈಷ್ಣವರಲ್ಲಿ ಎರಡು ಪಂಗಡ. ವಡಗಲೈಯವರದು ಮಂಗನ ಮರಿ, ಅದು ತಾಯಿಯ ಹೊಟ್ಟೆ ಗಟ್ಟಿ ಹಿಡಿದುಕೊಳ್ಳಬೇಕು. ತೆಂಗಲೈಯವರದು ಬೆಕ್ಕಿನ ಮರಿ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ನೀವು ಯಾವ ಮರಿ ಅಂತ ಕೇಳಿದರು. ಮಂಗದಿಂದ ತೋಟ ಹಾಳು ಮಾಡಿಸಿಕೊಂಡವನು ನಾನು, ಬೆಕ್ಕೇ ವಾಸಿ ಅಂದೆ. ಇಬ್ಬರ ದೇವರ ಚಿತ್ರ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಪ್ರಶ್ನೆ ನಮ್ಮ ಮಣ್ಣಿಗೆ ಹೊಸದಲ್ಲ.

ಬೆಕ್ಕಿನ ಮರಿಗೂ ಒಂದು ಅಪಾಯ ಇದೆ. ಡೀಟ್ರಿಕ್ ಬಾನ್‌ಹಾಫರ್ ಅನ್ನುವ ಜರ್ಮನ್ ಪಾದ್ರಿ, ಲೂಥರನ ಸಭೆಯವನೇ, ಹಿಟ್ಲರನ ಕಾಲದಲ್ಲಿ, 1937ರಲ್ಲಿ, ಅದಕ್ಕೆ 'ಅಗ್ಗದ ಕೃಪೆ' ಅಂತ ಹೆಸರಿಟ್ಟ. ಎಲ್ಲ ಕ್ಷಮಿಸಲಾಗಿದೆ ಅಂತ ಭಾನುವಾರ ಕೇಳಿ, ಸೋಮವಾರ ಏನೂ ಬದಲಾಗದೆ ಬದುಕುವುದು. ನಂಬುವವನೇ ಮಾತು ಕೇಳುತ್ತಾನೆ, ಮಾತು ಕೇಳುವವನೇ ನಂಬುತ್ತಾನೆ ಅನ್ನುವುದು ಅವನ ವಾದ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ನಾಜಿಗಳು ಅವನನ್ನು ಗಲ್ಲಿಗೇರಿಸಿದರು.

ಅಗ್ಗದ ಕೃಪೆ ಹೇಗಿರುತ್ತದೆ ಅನ್ನೋದಕ್ಕೆ ಯೇಸುಸ್ವಾಮಿಯೇ ಲೆಕ್ಕದ ಸಮೇತ ಕಥೆ ಹೇಳಿದ್ದಾರೆ. ಒಬ್ಬ ಸೇವಕನಿಗೆ ಹತ್ತು ಸಾವಿರ ತಲಾಂತು ಸಾಲ. ಒಂದು ತಲಾಂತು ಅಂದರೆ ಸುಮಾರು ಆರು ಸಾವಿರ ದಿನಾರಿ, ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಟ್ಟು ಆರು ಕೋಟಿ ದಿನದ ಕೂಲಿ! ಅದೆಲ್ಲ ವಜಾ. ಹೊರಗೆ ಬಂದ ಕೂಡಲೇ ತನಗೆ ನೂರು ದಿನದ ಕೂಲಿ ಕೊಡಬೇಕಿದ್ದವನ ಕುತ್ತಿಗೆ ಹಿಡಿಯುತ್ತಾನೆ. ಕಾಗದದ ಮೇಲೆ ಅವನ ಬಾಕಿಗೆ ಗೆರೆ ಬಿದ್ದಿತ್ತು. ಅವನ ತಲೆಯೊಳಗಿನ ಪುಸ್ತಕದಲ್ಲಿ ಬಿದ್ದಿರಲಿಲ್ಲ.

ನಮ್ಮಮ್ಮನ ತಲೆಯೊಳಗಿನ ಪುಸ್ತಕದ ಕಥೆ ಹೇಳಿ ನಿಲ್ಲಿಸುತ್ತೇನೆ, ಮಳೆಯೂ ಜೋರಾಗುತ್ತಿದೆ.

ಮಾರನೇ ವರ್ಷವೂ ಜಾಡಿ ಹೋಯಿತು. ಅದರ ಮಾರನೇ ವರ್ಷವೂ. ಮಿಡಿ ಸಿಗದ ವರ್ಷ ಹೊಳೆಯಾಚೆಯ ಊರಿನಿಂದ ಹೇಳಿ ತರಿಸಿದರು. ಬೆಳೆ ಸುಧಾರಿಸಿತು, ನನಗೆ ಕೆಲಸ ಸಿಕ್ಕಿತು, ಮುಂಗಡದ ಕಾಲ ಮುಗಿಯಿತು. ಸಾಹುಕಾರರು ವಯಸ್ಸಾಗಿ ಮಂಡಿಯನ್ನು ಮಕ್ಕಳಿಗೆ ಬಿಟ್ಟು ಮನೆಯಲ್ಲಿ ಕೂತರು. ಅಪ್ಪ ತೀರಿಹೋದ ಮೇಲೆ ಜಾಡಿ ಹೊರುವ ಕೆಲಸ ನನ್ನ ಪಾಲಿಗೆ ಬಂತು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರಬೇಕು, ಎಣ್ಣೆ ಜಿನುಗಿ ಪ್ಯಾಂಟಿಗೆ ಕಲೆ. ಒಂದು ವರ್ಷ ನಾನು ರೇಗಿದೆ. "ಇನ್ನೂ ಹಂಗು ತೀರಲಿಲ್ವಾ ಅಮ್ಮಾ?"

ಅಮ್ಮ ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ. "ಯಾವ ಹಂಗೋ? ಅವರಿಗೆ ಈಗ ಬಾಯಿ ರುಚಿ ಕೆಟ್ಟಿದೆಯಂತೆ. ಈ ಮಿಡಿ ಇದ್ರೆ ಎರಡು ತುತ್ತು ಜಾಸ್ತಿ ಊಟ ಮಾಡ್ತಾರಂತೆ. ಹುಷಾರಾಗಿ ತಗೊಂಡು ಹೋಗು, ಅಲ್ಲಾಡಿಸಬೇಡ."